ಎಡಗಡೆಯ ರತ್ನಗಂಬಳಿ

ಇದನ್ನು ಹೇಳಬೇಕು ಎಂದುಕೊಂಡು ವರ್ಷಗಳೇ ಆದವು. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಮಗಳ ಮದುವೆ ಮುಗಿಯಲಿ ಅಂದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆದರಾಯಿತು ಅಂದೆ. ಪೊರೆ ತೆಗೆಸಿಕೊಂಡು ಬಂದ ಮೇಲೆ ಮನೆಯಲ್ಲಿ ಒಂದು ಒಳ್ಳೆಯ ಪೆನ್ನಿಲ್ಲ ಅಂದೆ. ಈಗ ಪೆನ್ನೂ ಇದೆ, ಕಣ್ಣೂ ಕಾಣುತ್ತಿದೆ. ತಪ್ಪಿಸಿಕೊಳ್ಳಲು ಉಳಿದಿರುವ ದಾರಿ ಮರೆವು ಒಂದೇ. ಅದು ಪೂರ್ತಿ ಬಂದು ಕೂರುವ ಮುಂಚೆ ಹೇಳಿ ಮುಗಿಸುತ್ತೇನೆ.

ಮೊನ್ನೆ ಇದೆಲ್ಲ ಮತ್ತೆ ಶುರುವಾದದ್ದು ಒಂದು ತಲೆದಿಂಬಿನಿಂದ. ಮಗಳು ಗೀತಾ, ಅಳಿಯ ಇಬ್ಬರೂ ನನ್ನ ಜೊತೆ ಚಾಮರಾಜಪೇಟೆಯ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ಎದ್ದವನು, "ಗೀತಾ, ನನ್ನ ದಿಂಬು ಯಾರೋ ಬದಲಾಯಿಸಿದಾರೆ" ಎಂದೆ.

"ಇಲ್ಲಪ್ಪ, ನಿಂದೇ ಅದು. ಕವರ್ ಮಾತ್ರ ಹೊಸದು."

"ನನ್ನ ದಿಂಬು ನಡುವೆ ತಗ್ಗಾಗಿತ್ತು. ಇದು ಉಬ್ಬಿಕೊಂಡಿದೆ."

"ಬಿಸಿಲಿಗೆ ಹಾಕಿದ್ದೆ, ಉಬ್ಬಿದೆ. ತಿಂಡಿ ತಿನ್ನು ಬಾ."

ನಾನು ದಿಂಬನ್ನು ಒತ್ತಿ ನೋಡಿದೆ, ಮೂಸಿ ನೋಡಿದೆ, ಮಲಗಿ ನೋಡಿದೆ. ಒಂದು ಕ್ಷಣ ನನ್ನದಲ್ಲ ಅನ್ನಿಸಿತು. ಮರುಕ್ಷಣ ನನ್ನದೇ ಇರಬಹುದು, ತಲೆಯೇ ಬದಲಾಗಿರಬೇಕು ಅನ್ನಿಸಿತು. ಅಡುಗೆಮನೆಯಲ್ಲಿ ಮಗಳು ಅಳಿಯನಿಗೆ ಮೆಲ್ಲಗೆ, "ಅಪ್ಪಂಗೆ ಈಚೆಗೆ ಸ್ವಲ್ಪ ಹೀಗೇ" ಅಂದದ್ದು ಕೇಳಿಸಿತು. ನನ್ನ ಕಿವಿಗೆ ಇನ್ನೂ ಪೊರೆ ಬಂದಿಲ್ಲ.

ಆ "ಸ್ವಲ್ಪ ಹೀಗೇ" ಅನ್ನುವ ಮಾತನ್ನು ನಾನು ಮುಂಚೆ ಒಂದು ಮನೆಯಲ್ಲಿ ಕೇಳಿದ್ದೆ. ಅದು ನನ್ನ ಬಗ್ಗೆ ಆಡಿದ್ದಲ್ಲ. ಆದರೆ ನನ್ನ ದೆಸೆಯಿಂದ ಆಡಿದ್ದು.

ನಾನು ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಪ್ರಯತ್ನದಲ್ಲಿ ದಾಟಿದವನು. ಮುಂದೆ ಓದುವ ಯೋಚನೆ ನನಗೂ ಇರಲಿಲ್ಲ, ಕಾಲೇಜಿಗೂ ಇರಲಿಲ್ಲ. ನಮ್ಮಪ್ಪ ಮದುವೆಮನೆಗಳಿಗೆ ಪಾತ್ರೆ, ಜಮಖಾನ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಇದ್ದರು. ನನ್ನ ಬಾಲ್ಯವೆಲ್ಲ ಜಮಖಾನದ ಮೇಲೆಯೇ ಕಳೆಯಿತು. ಮದುವೆ ಮುಗಿದು ಜಮಖಾನ ಸುತ್ತುವಾಗ ನಾವು ಮಕ್ಕಳು ಒಂದು ತುದಿಯಲ್ಲಿ ಮಲಗಿಬಿಡುತ್ತಿದ್ದೆವು, ಅಪ್ಪ ನಮ್ಮನ್ನೂ ಸೇರಿಸಿ ಸುತ್ತುತ್ತಿದ್ದರು. ಒಳಗೆ ಕತ್ತಲು, ಧೂಳು, ಯಾರೋ ಚೆಲ್ಲಿದ ಬೂಂದಿಯ ವಾಸನೆ. ಹೊರಗೆ ಬಂದಾಗ ಕೆನ್ನೆಯ ಮೇಲೆ ಜಮಖಾನದ ಪಟ್ಟೆಗಳು ಮೂಡಿರುತ್ತಿದ್ದವು. ಶಾಲೆಯಲ್ಲಿ ಮೇಷ್ಟ್ರು, "ಏನೋ, ನಿನ್ನೆ ಯಾರ ಮನೆ ಮದುವೆ?" ಎಂದು ಕೆನ್ನೆ ನೋಡಿಯೇ ಕೇಳುತ್ತಿದ್ದರು.

ಅಂಗಡಿಯ ಪ್ರತಿ ಜಮಖಾನದ ಮೂಲೆಯಲ್ಲೂ ಕಪ್ಪು ಬಣ್ಣದಲ್ಲಿ ಅಂಗಡಿಯ ಹೆಸರು ಇರುತ್ತಿತ್ತು. ಬರೆಯುತ್ತಿದ್ದವರು ಅಪ್ಪನೇ. "ಹೆಸರು ಬರೀದೆ ಒಂದನ್ನೂ ಹೊರಗೆ ಕಳಿಸ್ಬೇಡ ಕಣೋ" ಅನ್ನುತ್ತಿದ್ದರು. ನಾನು ಹೂಂ ಅಂದಿದ್ದೆ. ಅಪ್ಪ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಆಗಿನ ವಾಡಿಕೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಿಗೆ ರತ್ನಗಂಬಳಿ ಬಂತು. ವರ್ಷಕ್ಕೊಮ್ಮೆ ಯಾವುದಾದರೂ ಮೈದಾನದಲ್ಲಿ ಕಾಶ್ಮೀರದವರು ಡೇರೆ ಹಾಕಿ ಮಾರುತ್ತಿದ್ದರು. ಕಡುಗೆಂಪು ಬಣ್ಣ, ನೀಲಿ ಅಂಚು, ನಡುವೆ ಒಂದು ದೊಡ್ಡ ಹೂವು. ಅರ್ಧ ಊರಿನ ಮನೆಗಳಲ್ಲಿ ಅದೇ ಇತ್ತು. ತಂದವರು ಅದನ್ನು ಹೇಗೆ ಕಾಪಾಡುತ್ತಿದ್ದರು ಅಂತೀರಿ! ಕಂಬಳಿ ಕೊಳೆಯಾಗದಿರಲಿ ಎಂದು ಅದರ ಮೇಲೊಂದು ಬೆಡ್‌ಶೀಟು, ಬೆಡ್‌ಶೀಟು ಕೊಳೆಯಾಗದಿರಲಿ ಎಂದು ಅದರ ಮೇಲೊಂದು ಚಾಪೆ. ನೆಂಟರು ಬಂದಾಗ ಚಾಪೆ, ಬೆಡ್‌ಶೀಟು ತೆಗೆದು ತೋರಿಸಿ, ಅವರು ಹೋದ ಮೇಲೆ ಮತ್ತೆ ಹೊದಿಸುತ್ತಿದ್ದರು. ಅಷ್ಟಾದರೂ ಕಲೆ ಬೀಳುತ್ತಿತ್ತು. ಕಾಫಿ ಬಿದ್ದರೆ ಉಪ್ಪು ಹಾಕಿ ತಿಕ್ಕುವವರು, ಸೀಗೆಪುಡಿ ಹಾಕುವವರು, ಹುಣಸೆಹಣ್ಣು ಹಿಂಡುವವರು ಎಲ್ಲರನ್ನೂ ನೋಡಿದ್ದೇನೆ. ತಿಕ್ಕಬಾರದು, ಒಣ ಬಟ್ಟೆ ಇಟ್ಟು ಒತ್ತಬೇಕು, ಅಷ್ಟೆ. ತುಪ್ಪ ಬಿದ್ದರೆ ಅಕ್ಕಿಹಿಟ್ಟು ಉದುರಿಸಿ ರಾತ್ರಿಯಿಡೀ ಬಿಡಬೇಕು. ಅರಿಶಿನ ಬಿದ್ದರೆ ಅದರ ಮೇಲೆ ಟೀಪಾಯಿ ಇಡಬೇಕು.

ಅಪ್ಪನ ಹಿಂದೆ ಅದೇ ಅಂಗಡಿಗೆ ಸೇರಿದ್ದ ನಾನು ಆ ಕೆಲಸ ಬಿಟ್ಟು, ನೀರು ಚಿಮ್ಮಿಸಿ ನೊರೆ ಎಬ್ಬಿಸಿ ಮತ್ತೆ ಹೀರಿಕೊಳ್ಳುವ ಒಂದು ಯಂತ್ರ ತಂದು ಕಾರ್ಪೆಟ್ ಶುಚಿ ಮಾಡುವ ಕಸುಬು ಶುರುಮಾಡಿದೆ. ಸಣ್ಣಪುಟ್ಟದ್ದನ್ನು ಮನೆಗೇ ಹೋಗಿ ಮಾಡಿಕೊಡುತ್ತಿದ್ದೆ. ದೊಡ್ಡದಾದರೆ ಆಟೊದಲ್ಲಿ ಹಾಕಿಕೊಂಡು ಬಂದು ನಮ್ಮ ತಾರಸಿಯ ಮೇಲೆ ಬಡಿದು, ತೊಳೆದು, ಒಣಗಿಸಿ ವಾಪಸು ಕೊಡುತ್ತಿದ್ದೆ. ಮೊದಲ ಗಿರಾಕಿಯ ಮನೆಗೆ ಟೈ ಕಟ್ಟಿಕೊಂಡು ಹೋಗಿದ್ದೆ. ಬಗ್ಗಿದಾಗ ಯಂತ್ರ ಮೊದಲು ಹೀರಿದ್ದು ಆ ಟೈಯನ್ನು. ಆಮೇಲೆ ಕಟ್ಟಲಿಲ್ಲ.

ಯಾರ ಕಂಬಳಿ ಯಾವುದು ಎನ್ನುವುದಕ್ಕೆ ನನ್ನದೇ ಒಂದು ಪದ್ಧತಿ ಇತ್ತು. ಅಗಸರ ಹಾಗೆ ಶಾಯಿಯಲ್ಲಿ ಗುರುತು ಹಾಕಿದರೆ ಗಿರಾಕಿಗಳು ಬಿಡುತ್ತಿರಲಿಲ್ಲ. ಅದಕ್ಕೆ ಹೆಸರು ಬರೆದ ಚೀಟಿಯನ್ನು ಪಿನ್ನಿನಿಂದ ಚುಚ್ಚುತ್ತಿದ್ದೆ. ಪಿನ್ನು ಒದ್ದೆಯಾದರೆ ತುಕ್ಕಿನ ಕಲೆ ಕೂರುತ್ತದೆ. ಹಾಗಾಗಿ ತೊಳೆಯುವ ಮುಂಚೆ ಪಿನ್ನು ತೆಗೆದು, ಚೀಟಿಗಳನ್ನು ತಾರಸಿಯ ಬಾಗಿಲಿಗೆ ಸಿಕ್ಕಿಸುತ್ತಿದ್ದೆ. ಎಡಗಡೆಯ ಕಂಬಳಿಯ ಚೀಟಿ ಎಡಕ್ಕೆ, ಬಲಗಡೆಯದು ಬಲಕ್ಕೆ. ಇಷ್ಟೇ. ಎಂದೂ ತಪ್ಪಿರಲಿಲ್ಲ. ಯಾಕೆಂದರೆ ಅಳತೆ, ಬಣ್ಣ ಎಲ್ಲ ಒಂದೇ ಆದ ಎರಡು ಕಂಬಳಿ ಒಟ್ಟಿಗೆ ಬಂದೇ ಇರಲಿಲ್ಲ, ಆ ಒಂದು ಸಲದವರೆಗೆ.

ಒಂದು ಬಸವನಗುಡಿಯ ವಕೀಲರೊಬ್ಬರ ಮನೆಯದು. ಇನ್ನೊಂದು ಮಲ್ಲೇಶ್ವರದ್ದು, ಸಂಪಿಗೆ ರಸ್ತೆಯ ಹಿಂದಿನ ಅಡ್ಡರಸ್ತೆಯ ಒಂದು ಮನೆಯದು. ಆ ಮನೆಯಲ್ಲಿ ಬ್ಯಾಂಕಿನಲ್ಲಿದ್ದ ಮಗ, ಸೊಸೆ, ಮೊಮ್ಮಕ್ಕಳು, ಮತ್ತು ಮಗನ ತಾಯಿ. ಎಲ್ಲರೂ ಆಕೆಯನ್ನು ಅಜ್ಜಿ ಅನ್ನುತ್ತಿದ್ದರು. ಐವತ್ತರ ಹತ್ತಿರ ಬಂದಿದ್ದ ನಾನೂ ನಾಚಿಕೆಯಿಲ್ಲದೆ ಅಜ್ಜಿ ಅಂದೆ.

ಅಜ್ಜಿ ಯಾರು ಬಂದರೂ ತಾವೇ ಒಲೆ ಹಚ್ಚಿ ಕಾಫಿ ಮಾಡುತ್ತಿದ್ದರು. ಸೊಸೆಗೂ ಆ ಡಿಕಾಕ್ಷನ್ ಕೈಗೆ ಹತ್ತಿರಲಿಲ್ಲ. ಮೊದಲ ದಿನ ನನಗೆ ಲೋಟ ಕೊಟ್ಟು, ಎದುರಿಗೆ ನಿಂತರು.

"ಏನಪ್ಪಾ ರಾಜಣ್ಣ, ಹುಷಾರಾಗಿ ತೊಳೀಬೇಕು. ನಮ್ಮ ಯಜಮಾನ್ರು ಬೇಡ ಬೇಡ ಅಂದರೂ ನಾನು ಹಟ ಹಿಡಿದು ತಂದಿದ್ದು. ಆಟೊದಲ್ಲಿ ಅರ್ಧ ಹೊರಗೆ ಚಾಚಿಕೊಂಡಿತ್ತು. ಅವರು ದಾರಿಯುದ್ದಕ್ಕೂ ಆಚೆ ಮುಖ ಮಾಡ್ಕೊಂಡು ಕೂತಿದ್ರು."

"ಆಮೇಲೆ ಒಪ್ಪಿಕೊಂಡ್ರಾ ಅಜ್ಜಿ?"

"ಬಾಯಲ್ಲಿ ಒಪ್ಪಲಿಲ್ಲ. ಡಿಸೆಂಬರ್ ಬಂತು ನೋಡು, ರೆಡ್ ಆಕ್ಸೈಡ್ ನೆಲ ಐಸಾಯ್ತು. ಅವತ್ತಿಂದ ಪೇಪರ್ ಓದೋದು ಇದರ ಮೇಲೇ!"

ದಿನಾ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಿಟಕಿಯವರೆಗೆ ಬರಿಗಾಲಲ್ಲಿ ಆ ಕಂಬಳಿಯ ಮೇಲೆ ನಡೆದು ಹೋಗುವುದು ಅಜ್ಜಿಯ ಅಭ್ಯಾಸ. ಅವರು ಅದರ ಮೇಲೆ ಬೆಡ್‌ಶೀಟು ಹೊದಿಸಿರಲಿಲ್ಲ. ನಾನು ಕಂಡ ಮನೆಗಳಲ್ಲಿ ರತ್ನಗಂಬಳಿಯನ್ನು ನಿಜವಾಗಿ ತುಳಿದವರು ಅವರೊಬ್ಬರೇ ಇರಬೇಕು.

ಚೀಟಿಯಲ್ಲಿ ನಾನು ಮಗನ ಹೆಸರು ಬರೆಯುತ್ತಿದ್ದೆ. ಅಜ್ಜಿ ಬಗ್ಗಿ ನೋಡಿ, "ಕಾರ್ಪೆಟ್ ನಂದು. ನನ್ನ ಹೆಸರು ಬರಿ" ಎಂದರು, ಹೆಸರನ್ನೂ ಹೇಳಿದರು. ಮಗ ನಕ್ಕ. ನಾನೂ ನಕ್ಕೆ. ನಕ್ಕು, ಮಗನ ಹೆಸರನ್ನೇ ಬರೆದು ಮುಗಿಸಿದೆ.

ಎರಡೂ ಕಂಬಳಿ ತೊಳೆದು ತಾರಸಿಯ ಗೋಡೆಯ ಮೇಲೆ ಹರವಿ, ಹೊಸ ಗಿರಾಕಿಯೊಬ್ಬರನ್ನು ನೋಡಲು ಕುಮಾರ ಪಾರ್ಕ್ ಕಡೆ ಹೋಗಿದ್ದೆ. ಮಧ್ಯಾಹ್ನ ಮಳೆ ಬಂತು. ನನ್ನ ಹೆಂಡತಿ ವಿಶಾಲು ಓಡಿಹೋಗಿ ಎರಡನ್ನೂ ಒಬ್ಬಳೇ ಎಳೆದು ಮೆಟ್ಟಿಲ ತಲೆಗೆ ತಂದಿಟ್ಟಳು. ಬಿಸಿಲು ಬಂದ ಮೇಲೆ ಮತ್ತೆ ಹರವಿದಳು. ಎಂಥ ಕೆಲಸಗಾತಿ ಅಂದರೆ, ನಾನು ಬಂದಾಗ ಅಂಚುಗಳೂ ನೇರವಾಗಿದ್ದವು.

"ಇದ್ದ ಹಾಗೇ ಹಾಕಿದೀಯ ತಾನೆ?" ಎಂದೆ.

"ಹೂಂ ರೀ. ಎಡಗಡೆದು ಎಡಗಡೆ."

"ಯಾವ ಎಡ?"

"ಎಡ ಅಂದ್ರೆ ಎಡ. ನನ್ನ ಎಡ."

"ನೀನು ಎಲ್ಲಿ ನಿಂತಿದ್ದೆ?"

"ಮಳೇಲಿ ನಿಂತಿದ್ದೆ!"

ಬಾಗಿಲಲ್ಲಿ ನಿಂತರೆ ಎಡವಾದದ್ದು, ಎದುರಿನ ನೀರಿನ ತೊಟ್ಟಿಯ ಬಳಿ ನಿಂತರೆ ಬಲವಾಗುತ್ತದೆ. ತೆಗೆಯುವಾಗ ಅವಳು ಬಾಗಿಲ ಕಡೆಯಿಂದ ಬಂದಿದ್ದಳು. ಹಾಕುವಾಗ ತೊಟ್ಟಿಯ ಕಡೆ ಇದ್ದೆ ಅನ್ನುತ್ತಾಳೆ, ಇಲ್ಲ ಬಾಗಿಲ ಕಡೆಯೇ ಅನ್ನುತ್ತಾಳೆ. ನಾನು ತಾರಸಿಯ ನಡುವೆ ನಿಂತು ಎಡಗೈ ಎತ್ತಿದೆ, ತಿರುಗಿದೆ, ಮತ್ತೆ ಎಡಗೈ ಎತ್ತಿದೆ. ಪಕ್ಕದ ಮನೆಯ ತಾರಸಿಯಿಂದ ಒಬ್ಬರು, "ಏನು ರಾಜಣ್ಣ, ಡ್ರಿಲ್ಲಾ?" ಎಂದರು. ಎರಡು ಕಂಬಳಿಗೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ಶಾಂಪೂ ವಾಸನೆ. ತಿರುಗಿ ತಿರುಗಿ ಕೊನೆಗೆ ತಲೆಸುತ್ತು ಬಂತು. ಗಿರಾಕಿಗಳನ್ನೇ ಕರೆದು ಕೇಳಬಹುದಿತ್ತು. ಕಾರ್ಪೆಟ್ ತೊಳೆಯುವವನೇ ಯಾರದು ಯಾವುದು ಎಂದು ಕೇಳಿದರೆ ಮಾನ ಉಳಿಯುತ್ತದೆಯೇ? ವಿಶಾಲು ಅಚ್ಚುಕಟ್ಟು ಹೆಂಗಸು, ಸರಿಯಾಗೇ ಹಾಕಿರುತ್ತಾಳೆ ಎಂದು, ಪೂರ್ತಿ ಒಣಗಿದ ಮೇಲೆ ಬಾಗಿಲಲ್ಲಿದ್ದಂತೆಯೇ ಚೀಟಿ ಚುಚ್ಚಿದೆ.

ಬೆಳಿಗ್ಗೆ ಬಸವನಗುಡಿಯದನ್ನು ಕೊಟ್ಟು, ಮಲ್ಲೇಶ್ವರಕ್ಕೆ ಹೋದೆ. ಕಂಬಳಿ ಹಾಸಿದೆ. ಅಜ್ಜಿ ಬಂದು ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು, ನಿಂತರು.

"ಇದು ನಮ್ಮದಲ್ಲ" ಎಂದರು.

ಮಗ ಆಫೀಸಿಗೆ ಹೊರಟು ನಿಂತಿದ್ದ. "ಅಮ್ಮಾ, ಶುರು ಮಾಡ್ಬೇಡ. ಮೊನ್ನೆ ಕನ್ನಡಕ ನಂದಲ್ಲ ಅಂದೆ."

"ಕನ್ನಡಕದ ವಿಷಯ ಬೇರೆ. ಕಾಲಿಗೆ ಗೊತ್ತಾಗತ್ತೆ ಕಣೋ. ಇದು ಗಡುಸು." ಆಮೇಲೆ ನನ್ನ ಕಡೆ ತಿರುಗಿ, "ಹಿಂದುಗಡೆ ಮೂಲೇಲಿ ಇಲಿ ಕಡಿದಿತ್ತು, ಹಸಿರು ದಾರದಲ್ಲಿ ನಾನೇ ಹೊಲಿದಿದ್ದೆ. ತಿರುಗಿಸು ನೋಡೋಣ" ಎಂದರು.

ನಾನು ನಾಲ್ಕೂ ಮೂಲೆ ತಿರುಗಿಸಿದೆ. ಹಸಿರು ದಾರ ಇರಲಿಲ್ಲ. ಆದರೆ ಬಾಯಿ ತನ್ನ ಪಾಡಿಗೆ ಹೇಳಿತು: "ಮಿಷಿನ್ ಬ್ರಷ್ ಅಲ್ವಾ ಅಜ್ಜಿ, ದಾರ ಎದ್ದು ಹೋಗಿರತ್ತೆ."

ಆ ಬ್ರಷ್ಷು ಮುಟ್ಟುವುದು ಕಂಬಳಿಯ ಮುಂಭಾಗವನ್ನು ಮಾತ್ರ. ಹಿಂಭಾಗವನ್ನು ಬರೀ ಬಡಿದು ಧೂಳು ತೆಗೆಯುತ್ತೇವೆ. ಅದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ.

"ರಾಜಣ್ಣ, ನೀವೇ ಹೇಳಿ. ಇದು ನಮ್ಮದೇ ತಾನೆ?" ಎಂದು ಮಗ ಕೇಳಿದ.

"ನಿಮ್ಮದೇ ಸಾರ್. ತೊಳೆದ ಹೊಸದರಲ್ಲಿ ಕೆಲವರಿಗೆ ಹಾಗನ್ಸತ್ತೆ."

ಸೊಸೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದವರು, ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ, ಅತ್ತೆಗೆ ಈಚೆಗೆ ಸ್ವಲ್ಪ ಹೀಗೇ" ಎಂದರು. ನಾನು ದೊಡ್ಡ ಮನಸ್ಸಿನವನ ಹಾಗೆ ತಲೆ ಆಡಿಸಿದೆ.

ಮರುದಿನ ಬಸವನಗುಡಿಗೆ ಹೋಗಿ, ಅಂಚು ಸರಿಯಾಗಿ ಕೂತಿದೆಯೋ ನೋಡಬೇಕು ಎಂದು ಸುಳ್ಳು ಹೇಳಿ ಕಂಬಳಿಯ ಮೂಲೆ ಎತ್ತಿದೆ. ಹಸಿರು ದಾರ. ಸಣ್ಣ ಸಣ್ಣ, ಒತ್ತೊತ್ತಾದ ಹೊಲಿಗೆ. ವಕೀಲರ ಹೆಂಡತಿ ಹಿಂದೆ ನಿಂತು, "ಎಷ್ಟು ಮೆತ್ತಗಾಗಿದೆ ರೀ! ಪಕ್ಕದ ಮನೆಯವರಿಗೂ ನಿಮ್ಮ ಹೆಸರೇ ಹೇಳಿದೀನಿ" ಎಂದರು. ನಾನು ಮೂಲೆಯನ್ನು ಮೆಲ್ಲಗೆ ಕೆಳಗಿಟ್ಟು, ಅಂಗೈಯಿಂದ ಒತ್ತಿದೆ. ಕಾಫಿಯ ಕಲೆಯನ್ನು ಒತ್ತುವ ಹಾಗೆ.

ಮನೆಗೆ ಬಂದು ವಿಶಾಲುಗೆ ಹೇಳಿದೆ. "ಈಗಲೇ ಹೋಗಿ ಹೇಳ್ಬಿಡ್ರೀ. ಪಾಪ, ವಯಸ್ಸಾದವರು" ಎಂದಳು.

"ನಿನ್ನಿಂದ ಆಗಿದ್ದು, ನಾನು ಹೋಗಿ ಹೇಳ್ಬೇಕಾ?" ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮಳೆಯಲ್ಲಿ ಎರಡು ಒದ್ದೆ ಕಂಬಳಿಗಳನ್ನು ಒಬ್ಬಳೇ ಎಳೆದವಳಿಗೆ ಅದು ನನ್ನ ಬಹುಮಾನ. ಈಗ ಅವಳಿಲ್ಲ.

ನಾನು ಒಂದು ಉಪಾಯ ಮಾಡಿಕೊಂಡೆ. ಮುಂದಿನ ವರ್ಷ ಎರಡೂ ಮನೆಯವರು ತೊಳೆಯಲು ಕೊಟ್ಟಾಗ ಸದ್ದಿಲ್ಲದೆ ಅದಲುಬದಲು ಮಾಡಿದರಾಯಿತು, ಯಾರಿಗೂ ನಷ್ಟವಿಲ್ಲ. ಬಹಳ ಜಾಣತನದ ಉಪಾಯ ಅನ್ನಿಸಿತ್ತು.

ಮರುವರ್ಷ ಮಲ್ಲೇಶ್ವರಕ್ಕೆ ಹೋದಾಗ ಕಾಫಿ ತಂದವರು ಸೊಸೆ. ಅಜ್ಜಿಯನ್ನು ಒಲೆಯ ಹತ್ತಿರ ಬಿಡುತ್ತಿಲ್ಲ, ಗ್ಯಾಸ್ ಆರಿಸುವುದು ಮರೆತರೆ ಕಷ್ಟ ಎಂದರು. "ಯಾವತ್ತಾದರೂ ಮರೆತಿದ್ರಾ?" ಎಂದು ನಾನು ಕೇಳಿದೆ. "ಇಲ್ಲ. ಆದರೆ ಕಾರ್ಪೆಟ್ ತಂದು ಹಾಸಿದ ದಿನ ನೀವೇ ನೋಡಿದ್ರಲ್ಲ" ಎಂದರು. ಅಜ್ಜಿ ಮೂಲೆಯ ಕುರ್ಚಿಯಲ್ಲಿದ್ದರು. ಅವರ ಪಾದಗಳು ಕಂಬಳಿಯ ಅಂಚಿನಿಂದ ಆಚೆ, ತಣ್ಣಗಿನ ನೆಲದ ಮೇಲಿದ್ದವು.

ಎರಡನ್ನೂ ತೊಳೆದೆ. ಈ ಸಲ ಎಡ, ಬಲ ಏನೂ ಬೇಕಿರಲಿಲ್ಲ, ಹಸಿರು ದಾರ ಇತ್ತು. ಅಜ್ಜಿಯದನ್ನು ಅಜ್ಜಿಯ ಕೋಣೆಯಲ್ಲೇ ಹಾಸಿದೆ. ಮಗನೂ ಅಲ್ಲಿದ್ದ. "ಬನ್ನಿ ಅಜ್ಜಿ, ನಡೆದು ನೋಡಿ" ಎಂದೆ. ಒಳಗೊಳಗೇ ಹಬ್ಬದ ದಿನದ ಹುಡುಗನ ಹಾಗೆ ಆಗಿತ್ತು.

ಅಜ್ಜಿ ಎದ್ದು ಬಂದು ಒಂದು ಹೆಜ್ಜೆ ಇಟ್ಟರು. ಕಾಲ್ಬೆರಳುಗಳು ಎಳೆಗಳ ನಡುವೆ ಮೆಲ್ಲಗೆ ಮಡಚಿಕೊಂಡವು. ಮುಖದಲ್ಲಿ ಏನೋ ಹೊತ್ತಿಕೊಂಡಿತು. ಮಗನ ಕಡೆ ತಿರುಗಿ ಬಾಯಿ ತೆರೆದರು. ತೆರೆದವರು ನಿಲ್ಲಿಸಿದರು. ನನ್ನನ್ನು ನೋಡಿದರು.

"ರಾಜಣ್ಣ, ಹೋದ ವರ್ಷ ನೀನು ತಂದು ಹಾಕಿದ್ಯಲ್ಲ, ಇದು ಅದೇನಾ? ಬೇರೆಯದಾ?"

ಒಂದೇ ಮಾತು. ಬೇರೆಯದು ಅಜ್ಜಿ, ಇದು ನಿಮ್ಮದು, ಅದು ನಿಮ್ಮದಾಗಿರಲಿಲ್ಲ, ನೀವು ಹೇಳಿದ್ದೇ ಸರಿ. ಅಷ್ಟು ಹೇಳಿದ್ದರೆ ಒಲೆ ವಾಪಸು ಸಿಗುತ್ತಿತ್ತೋ ಏನೋ. ಮಗ ನನ್ನ ಮುಖವನ್ನೇ ನೋಡುತ್ತಿದ್ದ.

"ಅದೇ ಅಜ್ಜಿ" ಎಂದೆ. "ಬೇರೆ ಎಲ್ಲಿಂದ ಬರತ್ತೆ?"

ಹೊತ್ತಿಕೊಂಡದ್ದು ಆರಿಹೋಯಿತು. ಅಜ್ಜಿ ತಮ್ಮ ಪಾದಗಳನ್ನೇ ನೋಡಿಕೊಂಡರು, ಅವು ಬೇರೆ ಯಾರವೋ ಎನ್ನುವ ಹಾಗೆ. "ನೀನು ಹೇಳಿದ್ಮೇಲೆ ಸರಿಯಪ್ಪ. ನನಗೇ ಈಗ ಎಲ್ಲ ಗೊಂದಲ" ಎಂದು ಹೋಗಿ ಕುರ್ಚಿಯಲ್ಲಿ ಕೂತರು. ತಮ್ಮದೇ ಕಂಬಳಿಯಿಂದ ಕಾಲು ಆಚೆ ಇಟ್ಟುಕೊಂಡು.

ಆಮೇಲೆ ಅವರು ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಕೆಲವು ವರ್ಷಗಳಾದ ಮೇಲೆ, ಎರಡು ಸಾವಿರದ ಈಚೆಗೆ, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ಮಗ ಸಿಕ್ಕ. ಅಜ್ಜಿ ತೀರಿಕೊಂಡು ಬಹಳ ದಿನ ಆಗಿತ್ತು.

"ಕೊನೇಲಿ ನಮ್ಮನ್ನೇ ಗುರುತು ಹಿಡೀತಿರ್ಲಿಲ್ಲ ರಾಜಣ್ಣ" ಎಂದ. "ನಮಗೆ ಮೊದಲು ಗೊತ್ತಾಗಿದ್ದೇ ನಿಮ್ಮ ಕಾರ್ಪೆಟ್ ದಿನ. ನೀವಿದ್ರಿ, ಒಳ್ಳೇದಾಯ್ತು."

ನನ್ನ ಬಸ್ಸು ಬಂತು. ಹತ್ತಿದೆ. ಅದು ನನ್ನ ಬಸ್ಸಲ್ಲ ಎಂದು ಗಾಂಧಿನಗರ ದಾಟಿದ ಮೇಲೆ ತಿಳಿಯಿತು.

ಅವತ್ತಿನಿಂದ ಇವತ್ತಿನವರೆಗೂ ನನಗೆ ಇದು ಬಿಡಿಸಲಾಗಿಲ್ಲ. ಅವರಿಗೆ ಮರೆವು ಆಗಲೇ ಬರಲು ಶುರುವಾಗಿತ್ತೇ, ನಾನು ಬರೀ ನಡುವೆ ಸಿಕ್ಕಿಕೊಂಡೆನೇ? ಅಥವಾ ಚೆನ್ನಾಗಿಯೇ ಇದ್ದವರು, ತಮ್ಮ ಕಾಲನ್ನೇ ನಂಬಬಾರದು ಎಂದಾದ ಮೇಲೆ ಒಂದೊಂದನ್ನೇ ಬಿಡುತ್ತಾ ಹೋದರೇ? ಕನ್ನಡಕದ ವಿಷಯ ಏನಾಗಿತ್ತು, ಅದೂ ನಿಜವಾಗಿ ಬದಲಾಗಿತ್ತೇ? ಒಂದು ದಿನ ಒಂದು ಥರ ಅನ್ನಿಸುತ್ತದೆ, ಇನ್ನೊಂದು ದಿನ ಇನ್ನೊಂದು ಥರ. ತಾರಸಿಯ ನಡುವೆ ನಿಂತು ತಿರುಗುತ್ತಲೇ ಇದ್ದೇನೆ. ಬಾಗಿಲ ಕಡೆ ಮುಖ ಮಾಡಿದರೆ ಒಂದು ಎಡ, ತೊಟ್ಟಿಯ ಕಡೆ ಮಾಡಿದರೆ ಇನ್ನೊಂದು.

ದಿಂಬಿನ ಕಥೆ ಹೇಳಿ ಮುಗಿಸಲಿಲ್ಲ. ನಿನ್ನೆ ಅಳಿಯ ಕತ್ತು ನೋವು ಅಂದ. ಗೀತಾ ಅವನ ದಿಂಬಿನ ಕವರ್ ತೆಗೆದು ನೋಡಿದಳು. ನಡುವೆ ತಗ್ಗು. ನನ್ನ ದಿಂಬು! ಅದನ್ನು ಎದೆಗೆ ಅವಚಿಕೊಂಡು ನನ್ನ ಕೋಣೆಗೆ ಓಡಿ ಬಂದಳು.

"ಅಯ್ಯೋ ಅಪ್ಪ, ಸಾರಿ! ನೀನು ಹೇಳಿದ್ದೇ ಸರಿ. ನಾನೇ ಅದಲುಬದಲು ಮಾಡ್ಬಿಟ್ಟಿದ್ದೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಹೇಳಿ, ದಿಂಬು ಇಟ್ಟು, ಹಾಲು ಉಕ್ಕುತ್ತಿದೆ ಎಂದು ಓಡಿದಳು. ಆ ಮಾತು ಕೇಳಿದ ಕೂಡಲೇ ನನ್ನ ತಲೆ ನನಗೆ ವಾಪಸು ಬಂದ ಹಾಗಾಯಿತು. ನಾನು ದಿಂಬಿನ ತಗ್ಗಿನಲ್ಲಿ ಮುಖವಿಟ್ಟು ಬಹಳ ಹೊತ್ತು ಮಲಗಿದ್ದೆ. ಅಳಿಯ ಇಣುಕಿ ನೋಡಿ, "ಮಾವನಿಗೆ ದಿಂಬು ಸಿಕ್ಕಿದ್ದು ಭಾರೀ ಖುಷಿ" ಎಂದು ಹೋದ.

ಕಸುಬು ಬಿಟ್ಟು ಎಷ್ಟೋ ಕಾಲವಾಯಿತು. ಯಂತ್ರ ಗುಜರಿಗೆ ಹೋಯಿತು. ಪಿನ್ನುಗಳ ಡಬ್ಬಿ ಮಾತ್ರ ಇದೆ, ಎಲ್ಲ ತುಕ್ಕು ಹಿಡಿದಿವೆ. ಇವತ್ತು ಒಂದು ಚೀಟಿ ಹರಿದುಕೊಂಡು, ಅವತ್ತು ನಕ್ಕು ಬರೆಯದೆ ಬಿಟ್ಟ ಹೆಸರನ್ನು ಬರೆದಿದ್ದೇನೆ. ಚುಚ್ಚಲು ಕಂಬಳಿ ಇಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ.

ಆ ರತ್ನಗಂಬಳಿ ಅಂಬುಜಮ್ಮನವರದು.